ಹನ್ನೆರಡು ತಂತಿ, ಒಂದು ರುಮಾಲು

ನಾನು ನಿಂತದ್ದು ಬನಹಟ್ಟಿಯಲ್ಲಿ, ಗೆಳೆಯ ಶಂಕ್ರಣ್ಣನ ಮನೆಯ ಪಡಸಾಲೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಗಿಟಾರಿನ ತಲೆಯ ಕಡೆಗೆ. ನಾಲ್ಕು ವರ್ಷದ ಹಿಂದಿನ ಒಂದು ಸೋಮವಾರ, ಮುಂಜಾನೆ ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ. ಅವರ ಗೋಡೆ ಗಡಿಯಾರ ಐದು ನಿಮಿಷ ಮುಂದಿರುತ್ತದೆ. ಅದನ್ನು ಕಳೆದೇ ಹೇಳುತ್ತಿದ್ದೇನೆ.

ಇವತ್ತು ಅದೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಾಗ ದೇವರ ಕೋಣೆಯಿಂದ ಊದಿನಕಡ್ಡಿಯ ವಾಸನೆ ಬಂತು. ಇಣುಕಿ ನೋಡಿದೆ. ಎರಡು ಸಾಲಿನಲ್ಲಿ ಹನ್ನೆರಡು ತೂತಿರುವ ಒಂದು ಕರಿ ಕಟ್ಟಿಗೆಯ ತುಂಡು, ಅದರಲ್ಲಿ ಎರಡು ಕಡ್ಡಿ. ಉಳಿದ ಹತ್ತು ತೂತು ನನ್ನನ್ನೇ ನೋಡುತ್ತಿದ್ದವು. ಚಹಾದ ಬಟ್ಟಲು ಕೆಳಗಿಟ್ಟೆ.

ಆ ತುಂಡು ನನ್ನ ಗಿಟಾರಿನದು, ಅದರ ಹೊಟ್ಟೆಗೆ ಅಂಟಿಕೊಂಡು ತಂತಿಗಳ ಬುಡ ಹಿಡಿದಿಡುತ್ತಿದ್ದದ್ದು. ನಾನು ಜಮಖಂಡಿಯ ಸಾಲೆಯೊಂದರಲ್ಲಿ ಗಣಿತ ಕಲಿಸುವವನು. ನೌಕರಿಯ ಮೊದಲ ವರ್ಷ ಗಿಟಾರು ಕೊಳ್ಳಲು ಹೋದಾಗ ಅಂಗಡಿಯಲ್ಲಿ ಆರು ತಂತಿಯದೂ ಇತ್ತು, ಹನ್ನೆರಡು ತಂತಿಯದೂ ಇತ್ತು. ಹನ್ನೆರಡು ಆರರ ಎರಡು ಪಟ್ಟು ಎಂಬುದು ನನಗೆ ಖಚಿತವಾಗಿ ಗೊತ್ತಿದ್ದರಿಂದ ದೊಡ್ಡದನ್ನೇ ತಂದೆ. ಅದರಲ್ಲಿ ತಂತಿಗಳು ಜೋಡಿ ಜೋಡಿ. ಹೆಚ್ಚಿನ ಜೋಡಿಗಳಲ್ಲಿ ಒಂದು ದಪ್ಪ, ಅದಕ್ಕೆ ಅಂಟಿಕೊಂಡು ಒಂದು ತೆಳ್ಳನೆಯದು. ನಾನು ಒಂದನ್ನು ಒತ್ತಿದರೆ ಇನ್ನೊಂದು ಬೆರಳಿನಿಂದ ಜಾರಿ ದೂರು ಹೇಳುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ನಾನು ಪೂರ್ತಿ ಕಲಿತದ್ದು ಅದರ ಧೂಳು ಒರೆಸುವುದನ್ನು.

ಅದು ಬನಹಟ್ಟಿಗೆ ಹೋದದ್ದು ಗುರಪ್ಪ ಕಾಕಾನ ಸಲುವಾಗಿ. ಕಾಕಾ ಶಂಕ್ರಣ್ಣನ ಅಪ್ಪನ ತಮ್ಮ. ಸೋಮವಾರದ ಭಜನೆಯಲ್ಲಿ ಅವರು ತತ್ತ್ವಪದ ಹಾಡಿದರೆ ಪಕ್ಕದ ಓಣಿಯವರು ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ಮನೆಗೆ ಸುಣ್ಣ ಹಚ್ಚುವಾಗ ಅವರ ತಂಬೂರಿ ಗೂಟದಿಂದ ಬಿದ್ದು ಅದರ ಬುರುಡೆ ಒಡೆಯಿತು. ಅಂದಿನಿಂದ ಮೂರು ವರ್ಷ ಕಾಕಾ ಹಾಡಲು ಬಾಯಿ ತೆರೆಯಲಿಲ್ಲ. ಶಂಕ್ರಣ್ಣ ಶ್ರುತಿಪೆಟ್ಟಿಗೆ ತಂದುಕೊಟ್ಟ. ಕಾಕಾ ಒಂದು ನಿಮಿಷ ಕೇಳಿ, "ಇದು ಫ್ರಿಜ್ ಗುಂಯ್ ಅಂದಂಗ ಅನ್ನತೈತಿ. ಇದರಾಗ ಹಾಲು ಇಡ್ರಿ," ಎಂದು ಎದ್ದು ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಇನ್ನೂ ಒಂದು ವರ್ಷ ಸುಮ್ಮನಿದ್ದರೆ ಆ ದನಿ ಮತ್ತೆ ಬರುವುದಿಲ್ಲ ಎಂದು ನಮಗೆಲ್ಲ ಹೆದರಿಕೆ.

ಗಿಟಾರನ್ನೇ ತಂಬೂರಿ ಮಾಡೋಣ ಎಂದವನು ನಾನು. ಮೊದಲ ವಾರ ತೆಳ್ಳನೆಯ ತಂತಿಗಳನ್ನೆಲ್ಲ ಬಿಚ್ಚಿ ದಪ್ಪನೆಯವನ್ನೇ ಉಳಿಸಿದೆವು. ಲೋಕಾಪುರದ ಬಸ್ಸು ನಿಂತಲ್ಲೇ ಇಂಜಿನ್ ಅಲುಗಿಸಿದ ಹಾಗಾಯಿತು. ಎರಡನೆಯ ವಾರ ಬರೀ ತೆಳ್ಳನೆಯವು. ಶಂಕ್ರಣ್ಣನ ಹೆಂಡತಿ ಮಾದೇವಿ ವೈನಿ ಒಳಗಿನಿಂದಲೇ, "ಸೊಳ್ಳಿಬತ್ತಿ ಹಚ್ಚಲೇನ್ರೀ ಸರ್?" ಎಂದರು.

ಮೂರನೆಯ ವಾರ ಶಂಕ್ರಣ್ಣ ನನ್ನನ್ನು ಪಕ್ಕಕ್ಕೆ ಸರಿಸಿದ. ಅವನು ನೇಕಾರ.

"ನಿಮ್ಮ ಲೆಕ್ಕ ಸಾಲಿಯೊಳಗ ಇರಲಿ ಸರ್. ಹಾಸಿನ್ಯಾಗ ಒಂದು ಎಳಿ ದಪ್ಪ, ಒಂದು ಎಳಿ ಸಣ್ಣ ಹಾಕಿದ್ರ ಸೀರಿ ಆಗ್ತೈತೇನು? ಎಲ್ಲಾ ಒಂದ ದಪ್ಪ ಇರಬೇಕು, ಎಲ್ಲಾ ಒಂದ ಬಿಗಿ."

ಮಿರಜದಿಂದ ಒಂದೇ ಅಳತೆಯ ಹನ್ನೆರಡು ತಂತಿ ತರಿಸಿದ. ಹಾಸಿನ ಬಿಗಿ ನೋಡುವ ಹಾಗೆ ಅಂಗೈ ಊರಿ ಊರಿ ನೋಡುತ್ತ ಎಲ್ಲವನ್ನೂ ಸಮ ಮಾಡಿದ. ಸ್ವರ ಕೇಳಲೇ ಇಲ್ಲ. ಆದರೂ ಮೀಟಿದರೆ ಹನ್ನೆರಡೂ ಒಂದೇ ಷಡ್ಜ! ಆಮೇಲೆ, ತಂತಿಗಳು ಕೂರುವ ಆ ಕರಿ ತುಂಡಿನ ಹತ್ತಿರ ಒಂದೊಂದರ ಅಡಿಗೂ ರೇಷ್ಮೆಯ ಎಳೆ ತೂರಿಸಿ ಕೂದಲೆಳೆಯಷ್ಟು ಸರಿಸಿದ. ತಂಬೂರಿಯದೇ ಗುಂಗು ಎದ್ದಿತು. ವೈನಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು.

ಇನ್ನು ನಾನು ಮೊದಲು ಹೇಳಿದ ಸೋಮವಾರ. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಚಾಪೆಯ ಮೇಲೆ ಗಿಟಾರು ಅಂಗಾತ ಮಲಗಿತ್ತು. ಕಾಕಾ ಬಂದು ಕುಳಿತು, ಕಣ್ಣು ಮುಚ್ಚಿ, ರುಮಾಲು ಸುತ್ತಿದ ತಲೆಯನ್ನು ಅದರ ಹೊಟ್ಟೆಯ ಮೇಲೆ ಬಗ್ಗಿಸಿ ಕಿವಿಗೊಟ್ಟರು. ಶಂಕ್ರಣ್ಣ ಮೀಟುತ್ತಿದ್ದ. ಬಹಳ ಹೊತ್ತಾದ ಮೇಲೆ ಕಾಕಾನ ಗಂಟಲಿನಿಂದ ಸಣ್ಣದೊಂದು ಸ್ವರ ಹೊರಟಿತು.

"ಕಡೀದೊಂದು ಇಳದೈತಿ. ಕೂದಲಷ್ಟ ಏರಸ್ರಿ," ಎಂದರು, ಕಣ್ಣು ತೆರೆಯದೆ.

ಬಿರಡೆ ತಿರುಗಿತು.

ಫಟ್ಟೆಂದು ಸದ್ದಾಯಿತು. ಹಳೆಯ ಅಂಟು ಬಿಟ್ಟು ಆ ಕರಿ ತುಂಡು ಹನ್ನೆರಡು ತಂತಿಗಳ ಸಮೇತ ಎದ್ದು, ಕಾಕಾನ ಕಿವಿಯ ಪಕ್ಕದಲ್ಲೇ ಹಾದು, ರುಮಾಲನ್ನು ಕೊಕ್ಕೆಯಲ್ಲಿ ಎತ್ತಿಕೊಂಡಂತೆ ಎತ್ತಿ ನನ್ನ ಕಾಲ ಬಳಿ ತಂದು ಹಾಕಿತು. ಮುಧೋಳದಿಂದ ತಂದ ಅವರ ಬೇಟೆನಾಯಿ ಸೀದಾ ಅಂಗಳಕ್ಕೆ ಜಿಗಿಯಿತು. ಇವತ್ತಿಗೂ ಪಡಸಾಲೆಗೆ ಕಾಲಿಡುವುದಿಲ್ಲ. ಕಾಕಾನ ಬರಿ ತಲೆಯನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನಡುವೆ ಒಂದೇ ಒಂದು ಬಿಳಿ ಕೂದಲಿನ ಸುಳಿ ಇತ್ತು. ವೈನಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಕಾಕಾ ಅಲುಗಲಿಲ್ಲ. ಕಣ್ಣೂ ತೆರೆಯಲಿಲ್ಲ. "ಹಾಂ. ಈಗ ಖರೆ ಶ್ರುತಿ ಕೂಡ್ತು ನೋಡಲೇ, ಶಂಕ್ರ್ಯಾ," ಎಂದರು. ಹಾಡತೊಡಗಿದರು.

ಗಿಟಾರು ಸತ್ತಿತ್ತು. ಪಡಸಾಲೆಯಲ್ಲಿ ಬೇರೆ ಯಾವ ನಾದವೂ ಇರಲಿಲ್ಲ. ಒಂದು ಪದ ಮುಗಿಸಿ ಇನ್ನೊಂದು ಎತ್ತಿಕೊಂಡರು. ನಾನು ರುಮಾಲು ಎದೆಗೆ ಅವಚಿಕೊಂಡು ನಿಂತಿದ್ದೆ. ಮೂರನೆಯ ಪದಕ್ಕೆ ಕರೆಂಟು ಬಂತು, ಮಗ್ಗಗಳು ಖಟಾಖಟ್ ಎಂದು ಹೊರಟವು, ಕಾಕಾ ಕಣ್ಣು ಬಿಟ್ಟರು. ಗಿಟಾರು ನೋಡಿದರು. ತಲೆ ಮುಟ್ಟಿಕೊಂಡರು.

"ಇದು ಯಾವಾಗ ಹೋತು?"

"ಮೊದಲ್ನೇ ಪದಕ್ಕೂ ಮುಂಚೇನ ಕಾಕಾ," ಎಂದ ಶಂಕ್ರಣ್ಣ.

"ಹಂಗಾರ ಮೂರ ವರ್ಷ ನಾ ಯಾಕ ಸುಮ್ನ ಕುಂತಿದ್ದೆ?" ಎಂದರು. ಆಮೇಲೆ ದನಿ ಏರಿಸಿ, "ಬಿರಡಿ ತಿರುವಿದಾಂವ ಯಾಂವಲೇ?"

"ನಾನ ಕಾಕಾ," ಎಂದ ಶಂಕ್ರಣ್ಣ.

"ಕೂದಲಷ್ಟ ಅಂದ್ರ ಕೂದಲ ಕಿತ್ತಂಗ ತಿರುವ್ತಿಯೇನಲೇ ಹುಚ್ಚಪ್ಯಾ!"

ಆ ಸಂಜೆ ಅವರು ಗುಡಿಯಲ್ಲಿ ಬರೀ ದಪ್ಪು, ತಾಳದ ಮೇಲೆ ಹಾಡಿದರು. ಇಂದಿಗೂ ಹಾಡುತ್ತಾರೆ. ಶಂಕ್ರಣ್ಣನನ್ನು ಇಂದಿಗೂ ಬೈಯುತ್ತಾರೆ.

ಬಿರಡೆ ತಿರುಗಿತು ಎಂದು ಮೇಲೆ ಬರೆದಿದ್ದೇನೆ. ಬಿರಡೆ ತಾನಾಗಿ ತಿರುಗುವುದಿಲ್ಲ. ಶಂಕ್ರಣ್ಣನ ಎರಡೂ ಕೈ ತಂತಿಗಳ ಮೇಲಿದ್ದವು. ಬಿರಡೆಗಳಿರುವುದು ಗಿಟಾರಿನ ತಲೆಯಲ್ಲಿ. ಆ ಕಡೆಗೆ ನಿಂತವನು ನಾನೊಬ್ಬನೇ, ಅದನ್ನು ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಕೂದಲಷ್ಟು ಎಂದರು, ನಾನು ತಿರುವಿದ್ದು ಪೂರ್ತಿ ಒಂದು ಸುತ್ತು.

ಇವತ್ತು ಆ ಹತ್ತು ತೂತುಗಳ ಮುಂದೆ ತಡೆಯಲಾಗಲಿಲ್ಲ. ವೈನಿಗೆ ಹೇಳಿಬಿಟ್ಟೆ.

"ನೋಡೇನಲ್ರೀ, ಬಾಗಲದಾಗ ನಿಂತಿದ್ದೆ," ಎಂದರು ವೈನಿ, ಮೂರನೆಯ ಕಡ್ಡಿ ಹಚ್ಚುತ್ತ. "ಕಾಕಾಗೂ ಹೋಗಿ ಹೇಳ್ರಿ. ಮ್ಯಾಲಿನ ಖೋಲ್ಯಾಗ ಅದಾರ. ರುಮಾಲ ಸುತಗೊಂಡ ಕುಂತಾರ, ಹೆದರಬ್ಯಾಡ್ರಿ."

ಮೆಟ್ಟಿಲ ಕೆಳಗೆ ನಿಂತು ಇದನ್ನು ಬರೆದು ಮುಗಿಸುತ್ತಿದ್ದೇನೆ. ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ, ಕಣ್ಣಾರೆ ಕಂಡವರಲ್ಲಿ ಶಂಕ್ರಣ್ಣ ಇದ್ದಾನೆ, ಮಾದೇವಿ ವೈನಿ ಇದ್ದಾರೆ, ಅಂಗಳದಲ್ಲಿ ನಾಯಿ ಇದೆ. ಗುರಪ್ಪ ಕಾಕಾನೂ ಇದ್ದಾರೆ, ಗಟ್ಟಿಯಾಗಿದ್ದಾರೆ. ಆದರೆ ಅವರು ಕಂಡಿಲ್ಲ.