ಅರಗಿನ ಖಾಲಾ

ಆಕೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಾನುಗಟ್ಟಲೆ ಬಿಸಿ ಅರಗು ತೊಟ್ಟಿಕ್ಕಿ ಬೆರಳ ತುದಿ ಸವೆದ ನಾಣ್ಯದ ಹಾಗೆ ನುಣ್ಣಗಾಗಿಬಿಟ್ಟಿತ್ತು. ಒಮ್ಮೆ ಮನಿಯಾರ್ಡರ್ ಬಂದಾಗ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತರು, ಕಾಗದದ ಮೇಲೆ ಮೂಡಿದ ಬರಿಯ ನೀಲಿ ಮಚ್ಚೆಯನ್ನು ನೋಡಿ ಪೇಚಿಗೆ ಬಿದ್ದರಂತೆ. ಇದು ಯಾರ ಹೆಬ್ಬೆಟ್ಟೆಂದು ನಂಬುವುದು ಹೇಗೆ? ಆಕೆ ಹಣವನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಐದನೆಯ ದಿನ ಬಂದು, ಒಂದೊಂದು ಅಕ್ಷರವೂ ಸೌತೆಕಾಯಿಯಷ್ಟು ದೊಡ್ಡದಾಗಿ, ಕನ್ನಡದಲ್ಲಿ ತನ್ನ ಹೆಸರು ಬರೆದು ಹಣ ಎಣಿಸಿಕೊಂಡು ಹೋದಳು. ಆಗ ಆಕೆಗೆ ನಲವತ್ತು ದಾಟಿತ್ತು.

ಮಾಲೂರಿನ ಅಂಚೆ ಕಚೇರಿಯ ಮುಂದೆ, ಬೇವಿನ ಮರದ ಬುಡದಲ್ಲಿ ಗೋಣಿತಟ್ಟು ಹಾಸಿಕೊಂಡು ಪಾರ್ಸೆಲ್ ಹೊಲಿಯುವುದು ಆಕೆಯ ಕಸುಬು. ಎದುರಿಗೆ ಒಂದು ಸೀಮೆಎಣ್ಣೆ ಬುಡ್ಡಿ, ಕೆಂಪು ಅರಗಿನ ಕಡ್ಡಿಗಳು, ಒರಟು ಕಾಡಾ ಬಟ್ಟೆ, ದಬ್ಬಳ. ಊರಿಗೆಲ್ಲ ಆಕೆ ಅರಗಿನ ಖಾಲಾ, ಅರಗಿನ ಚಿಕ್ಕಮ್ಮ. ಮೊದಲು ಆ ಜಾಗದಲ್ಲಿ ಆಕೆಯ ಗಂಡ ಕೂರುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ, ಹೆಂಗಸು ಹೀಗೆ ಬೀದಿಯಲ್ಲಿ ಕೂರಬಾರದೆಂದು ಅವರ ಕಡೆಯ ದೊಡ್ಡವರೂ ಹೇಳಿದರು, ನಮ್ಮ ಕಡೆಯ ದೊಡ್ಡವರೂ ಹೇಳಿದರು. ಆ ಒಂದು ವಿಷಯದಲ್ಲಿ ಎರಡೂ ಕಡೆಯವರಿಗೆ ಎಂಥ ಒಗ್ಗಟ್ಟು! ಖಾಲಾ ಮಾರನೆಯ ದಿನವೇ ಗಂಡನ ಗೋಣಿತಟ್ಟನ್ನು ಎರಡು ಮೊಳ ಮುಂದಕ್ಕೆ ಎಳೆದು, ಕಚೇರಿಯ ಬಾಗಿಲಿಗೆ ಇನ್ನೂ ಹತ್ತಿರ ಹಾಸಿಕೊಂಡು ಕೂತಳು.

ಶಿವಾರಪಟ್ಟಣದ ಶಿಲ್ಪಿಗಳು ಪುಟ್ಟ ಪುಟ್ಟ ವಿಗ್ರಹಗಳನ್ನು ದೂರದ ಊರುಗಳಿಗೆ ಕಳಿಸುವಾಗ ಆಕೆಯನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ಗಣಪತಿಯ ಸೊಂಡಿಲಿಗೆ, ಕೃಷ್ಣನ ಕೊಳಲಿಗೆ ಬೇರೆಯಾಗಿ ಹಳೇ ಬಟ್ಟೆ ಸುತ್ತಿ, ಸುತ್ತಲೂ ರಾಗಿ ಹುಲ್ಲು ತುರುಕಿ, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಕಿಟಕ್ಕೆಂದರೆ ಮತ್ತೆ ಮೊದಲಿನಿಂದ. ಯಾರು ಏನೇ ತಂದರೂ ಮೊದಲು ಒಂದೇ ಪ್ರಶ್ನೆ.

"ಇದು ಕಳ್ದೋದ್ರೆ ಅಳ್ತೀಯಾ?"

"ಇಲ್ಲ" ಅಂದರೆ ಸಾದಾ ಪಾರ್ಸೆಲ್. "ಅಳಲ್ಲ, ಆದ್ರೆ ಬಿಡಲ್ಲ, ಜಗಳ ಆಡ್ತೀನಿ" ಅಂದರೆ ರಿಜಿಸ್ಟರ್. ಮಾತಾಡದೆ ಒಂದು ಗಳಿಗೆ ಸುಮ್ಮನೆ ನಿಂತರೆ, "ಹಾಂ, ಇದು ಅಳೋ ಸಾಮಾನು. ಇನ್ಸೂರ್ ಮಾಡ್ಸು" ಎಂದು ಅರಗಿನ ಕಡ್ಡಿ ಕೈಗೆತ್ತಿಕೊಳ್ಳುತ್ತಿದ್ದಳು. ಆಮೇಲೆ ನಾನು ಎಷ್ಟೋ ಫಾರಂ ತುಂಬಿದ್ದೇನೆ, ಎಷ್ಟೋ ನಿಯಮ ಓದಿದ್ದೇನೆ. ಇಷ್ಟು ಸಲೀಸಾಗಿ ಯಾರೂ ನನಗೆ ವಿಮೆಯನ್ನು ತಿಳಿಸಿ ಹೇಳಲಿಲ್ಲ.

ನಾನು ಖಾಲಾಳ ಮುಂದೆ ಹಾಗೆ ಸುಮ್ಮನೆ ನಿಂತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮೇಷ್ಟರಾಗಿದ್ದ ನಮ್ಮಪ್ಪ ತೀರಿಕೊಂಡು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದೆಂದರೆ ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಮೈಸೂರು ರಾಜರ ಕಾಲದ ನಲವತ್ತು ಆನೆಕಾಸು. ಒಂದು ಮುಖದಲ್ಲಿ ಆನೆಯಿರುವ ಹಳೆಯ ತಾಮ್ರದ ನಾಣ್ಯಗಳು. ಉಳುವಾಗ ಸಿಕ್ಕಿದವನ್ನು ರೈತರಿಂದ, ಹಳೇ ಪಾತ್ರೆಯವರಿಂದ ಒಂದೊಂದಾಗಿ ಕೂಡಿಟ್ಟಿದ್ದರು. ನನಗೆ ಕೋಲಾರದಲ್ಲಿ ಟೀಚರ್ ಟ್ರೈನಿಂಗಿನ ಸೀಟು ಸಿಕ್ಕಿತ್ತು, ಫೀಸಿಗೆ ದಾರಿಯಿರಲಿಲ್ಲ. ನಮ್ಮ ದೊಡ್ಡಪ್ಪ ಇಟ್ಟಿಗೆ ಗೂಡಿನವರ ಮನೆಯ ಸಂಬಂಧವೊಂದನ್ನು ಹೆಚ್ಚುಕಡಿಮೆ ಕುದುರಿಸಿಯೇ ಬಿಟ್ಟಿದ್ದರು. ಹುಡುಗ ಒಳ್ಳೆಯವನಿದ್ದಿರಬಹುದು. ನನಗೆ ಬೇಕಾಗಿರಲಿಲ್ಲ, ಅಷ್ಟೇ.

ಅಪ್ಪನ ಹಳೆಯ ಕಾಗದಗಳಲ್ಲಿ ಉತ್ತರದ ದೊಡ್ಡ ಊರಿನ ನಾಣ್ಯ ವ್ಯಾಪಾರಿಯೊಬ್ಬನ ವಿಳಾಸ ಸಿಕ್ಕಿತು. ಬರೆದೆ. ಅವನು ಇಂಗ್ಲಿಷಿನಲ್ಲಿ ಮಾರೋಲೆ ಬರೆದ. ನಲವತ್ತಕ್ಕೂ ಸೇರಿಸಿ ಅವನು ಕೊಡುತ್ತೇನೆಂದ ಬೆಲೆ ನನ್ನ ಫೀಸಿಗೆ ಸಾಕಾಗಿ ಹಾಸ್ಟೆಲಿಗೂ ಆಗುತ್ತಿತ್ತು. ಮೊದಲು ನಾಣ್ಯ ಕಳಿಸಬೇಕು, ನೋಡಿ ಹಣ ಕಳಿಸುತ್ತೇನೆ ಎಂದಿದ್ದ. ಕೆಳಗೆ ಇನ್ನೊಂದು ಸಾಲು: ವಿಮೆ ಬೇಡ, ಸಾದಾ ಪಾರ್ಸೆಲ್ ಸಾಕು, ಮೊಹರು ಕಂಡರೆ ಕಳ್ಳರ ಕಣ್ಣು ಬೀಳುತ್ತದೆ.

ಓದಿ ಹೇಳಿದೆ. ಖಾಲಾ ದಬ್ಬಳವನ್ನು ತಲೆಗೂದಲಿಗೆ ಉಜ್ಜುತ್ತ ಕೇಳಿಸಿಕೊಂಡಳು.

"ಸಾಮಾನು ನಿಂದು. ಕಳಿಸೋಳು ನೀನು. ಇನ್ಸೂರ್ ಬ್ಯಾಡ ಅನ್ನೋಕೆ ಅವನ್ಯಾರು ಬೇಟಿ?"

ನನ್ನ ಜೊತೆ ಬಂದಿದ್ದ ದೊಡ್ಡಪ್ಪ, "ಆಯ್ತು, ಮಾಡ್ಸಾನ. ಐವತ್ತು ರೂಪಾಯಿ ಅಂತ ಬರೆದ್ರೆ ಸಾಕು ಬಿಡಮ್ಮ. ತಾಮ್ರದ ಚೂರಿಗೆ ಇನ್ನೆಷ್ಟು?" ಎಂದರು.

"ಐವತ್ತು ಅಂತ ಬರೆದ್ರೆ ಕಳೆದ ದಿನ ಐವತ್ತಕ್ಕೇ ಅಳ್ಬೇಕಾಗ್ತದೆ ಸಾಮಿ. ಜಾಸ್ತಿ ಬರೆದ್ರೆ ನಾವೇ ಸುಳ್ಳುಗಾರ್ರು. ಅವನು ಬರೆದಿದ್ದಾನಲ್ಲ ಬೆಲೆ, ಅದೇ ಹಾಕಿ."

ನಾನು ನನ್ನ ಜಾಣತನ ತೋರಿಸಲು ಹೋಗಿ ಎಡವಿದ್ದು ಆಮೇಲೆ. ವಿಮೆಯ ಪಾರ್ಸೆಲ್ಲಿಗೆ ಹೊಲಿಗೆಯ ಉದ್ದಕ್ಕೂ ಅರಗು ಬಿಟ್ಟು ಕಳಿಸುವವರ ಸ್ವಂತ ಮೊಹರು ಒತ್ತಬೇಕು. ನನ್ನ ಹತ್ತಿರ ಮೊಹರೆಲ್ಲಿತ್ತು? ಒಂದು ಆನೆಕಾಸನ್ನೇ ತೆಗೆದು, "ಇದನ್ನೇ ಒತ್ತಿಬಿಡೋಣ, ಆನೆ ಚೆನ್ನಾಗಿ ಮೂಡತ್ತೆ" ಅಂದೆ. ಖಾಲಾ ನನ್ನ ಕೈ ಮೇಲೆ ಪಟ್ಟನೆ ಬಾರಿಸಿದಳು.

"ಅರೆ! ಕಾಸಿನ ಮೊಹರು ನಡೆಯಲ್ಲ ಇಲ್ಲಿ. ಇಂಥಾ ಕಾಸು ಊರಲ್ಲಿ ಇನ್ನೂ ನೂರಿರ್ತದೆ. ಅದ್ರಲ್ಲೂ ನೀನು ಕಳಿಸ್ತಿರೋದು ಕಾಸಿನ ಯಾಪಾರಿಗೆ! ಬಿಚ್ಚಿ, ತೆಗ್ದು, ತಿರಗಾ ಒತ್ತಿಟ್ರೆ ನಿನ್ ಆನೆ ಯಾವ್ದು, ಅವನ ಆನೆ ಯಾವ್ದು?"

"ಹಾಗಾದ್ರೆ ನಿನ್ನ ಮೊಹರು ಕೊಡು ಖಾಲಾ."

"ನನ್ನ ಮೊಹರು ಬಿದ್ರೆ ನನ್ನ ಸಾಮಾನು ಆಗ್ತದೆ. ನಾನು ಅದ್ಕೆ ಜವಾಬು ಕೊಡ್ಬೇಕು. ನಿಂದು ನೀನು ಮಾಡ್ಕೊ."

ಆಕೆಯ ಮೊಹರು ಹಿತ್ತಾಳೆಯದು. ಅದರಲ್ಲಿದ್ದದ್ದು ಒಂದು ದಬ್ಬಳ ಮತ್ತು ಅದರ ಕಣ್ಣಿನಿಂದ ಇಳಿಬಿದ್ದ ದಾರ. ಆ ದಿನ ವಿಗ್ರಹ ಕಳಿಸಲು ಬಂದು ಕೂತಿದ್ದ ಶಿವಾರಪಟ್ಟಣದ ಶಿಲ್ಪಿಯೊಬ್ಬರು ನಮ್ಮ ಮಾತು ಕೇಳಿ ನಕ್ಕು, ಚೀಲದಿಂದ ಬಳಪದ ಕಲ್ಲಿನ ಒಂದು ತುಂಡು ತೆಗೆದರು. ಮರದ ಮೇಲೆ ಓಡುತ್ತಿದ್ದ ಅಳಿಲೊಂದನ್ನು ನೋಡಿ, ಅರ್ಧ ಗಂಟೆಯಲ್ಲಿ ಬಾಲ ಡೊಂಕಾದ ಅಳಿಲನ್ನು ಕೆತ್ತಿಕೊಟ್ಟರು. ಈಗಲೂ ಅದು ನನ್ನ ಮೇಜಿನ ಮೇಲಿದೆ.

ನಾಣ್ಯಗಳಿಗೆ ಖಾಲಾ ಹುಲ್ಲು ಮುಟ್ಟಿಸಲಿಲ್ಲ. ಹಳೇ ಸೀರೆಯ ಪಟ್ಟಿಯೊಂದರಲ್ಲಿ ನಲವತ್ತು ಪುಟ್ಟ ಜೇಬು ಹೊಲಿದು, ಒಂದೊಂದರಲ್ಲಿ ಒಂದೊಂದು ಕಾಸು ಇಟ್ಟು ಬಾಯಿ ಹೊಲಿದಳು. ಪಟ್ಟಿಯನ್ನು ಸುರುಳಿ ಸುತ್ತಿ ಡಬ್ಬಿಗೆ ಇಟ್ಟರೆ ಒಳಗೆ ಗಾಳಿಗೂ ಜಾಗವಿರಲಿಲ್ಲ. ನನ್ನ ಕೈಯಲ್ಲಿ ನಾಣ್ಯಗಳ ಪಟ್ಟಿ ಬರೆಸಿ ಒಂದನ್ನು ಒಳಗೆ ಹಾಕಿಸಿದಳು, ಇನ್ನೊಂದನ್ನು ನನಗೇ ಇಟ್ಟುಕೊಳ್ಳಲು ಹೇಳಿದಳು. ಹನ್ನೆರಡು ಕಡೆ ಅರಗು, ಹನ್ನೆರಡು ಅಳಿಲು.

ಕೌಂಟರಿನಲ್ಲಿ ಫಾರಂ ನೋಡಿದ ಗುಮಾಸ್ತರು ಕನ್ನಡಕ ಮೇಲೇರಿಸಿದರು. ಒಳ್ಳೆಯ ಮನುಷ್ಯರೇ. ಆದರೂ ಬಾಯಿ ತಡೆಯಲಿಲ್ಲ. "ಏನಮ್ಮಾ, ಹಳೇ ಕಾಸಿಗೆ ಇಷ್ಟು ಬೆಲೆಯಾ?" ಸಾಲಿನಲ್ಲಿದ್ದವರೂ ನಕ್ಕರು, ದೊಡ್ಡಪ್ಪನೂ ನಕ್ಕರು. ನನಗೆ ನಾಚಿಕೆಯಿಂದ ತಲೆ ತಗ್ಗಿತು. ಐವತ್ತೆಂದು ತಿದ್ದಿಬಿಡೋಣ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಹಿಂದಿನಿಂದ ಖಾಲಾಳ ದನಿ ಬಂತು. ಬೇರೆಯವರ ಪಾರ್ಸೆಲ್ಲಿಗಾಗಿ ಎಂದೂ ಕಚೇರಿಯ ಹೊಸ್ತಿಲು ದಾಟದವಳು, ಅರಗು ಮೆತ್ತಿದ ಕೈಯಲ್ಲೇ ಒಳಗೆ ಬಂದು ನಿಂತಿದ್ದಳು.

"ಸಾಹೇಬ್ರೇ, ಬೆಲೆ ಹೇಳೋಳು ಅವಳು. ತೂಕ ಹೇಳೋರು ನೀವು. ತೂಕ ಹೇಳಿ."

ಗುಮಾಸ್ತರು ಅದನ್ನು ತಕ್ಕಡಿಗಿಟ್ಟು, ಗ್ರಾಮು ಗ್ರಾಮಿನ ಲೆಕ್ಕಕ್ಕೆ ತೂಗಿ, ಪಾರ್ಸೆಲ್ಲಿನ ಮೇಲೂ ರಸೀತಿಯ ಮೇಲೂ ಬರೆದರು. ಯಾರೂ ನಗಲಿಲ್ಲ.

ಮೂರು ವಾರ ಕಳೆದು ವ್ಯಾಪಾರಿಯ ಕಾಗದ ಬಂತು. ನಲವತ್ತರಲ್ಲಿ ಮೂವತ್ತೇಳೇ ಇವೆ, ಎಲ್ಲಕ್ಕಿಂತ ಬೆಲೆಬಾಳುವ ಮೂರು ಇಲ್ಲವೇ ಇಲ್ಲ, ಆದ್ದರಿಂದ ಅರ್ಧ ಬೆಲೆ ಮಾತ್ರ ಕೊಡುತ್ತೇನೆ. ಅರ್ಧ ಬೆಲೆಗೆ ಫೀಸು ಹುಟ್ಟುತ್ತಿರಲಿಲ್ಲ, ಸೀಟಿನ ಗಡುವಿಗೆ ಇನ್ನೊಂದು ತಿಂಗಳೂ ಉಳಿದಿರಲಿಲ್ಲ. "ಸಿಕ್ಕಿದ್ದು ಇಸ್ಕೊ. ಮದುವೆ ಖರ್ಚಿಗಾದ್ರೂ ಆಗ್ತದೆ" ಎಂದರು ದೊಡ್ಡಪ್ಪ. ಅಳುತ್ತ ಬೇವಿನ ಮರದ ಹತ್ತಿರ ಹೋದೆ.

"ಯಾಕೆ ಅಳ್ತೀಯಾ? ಕಳೆದಿಲ್ವಲ್ಲ" ಅಂದಳು ಖಾಲಾ. "ಮೊಹರು ನೋಡಿ, ತೂಕ ನೋಡಿ, ರುಜು ಹಾಕಿ ತಗೊಂಡಿದಾನೆ ತಾನೆ? ಬರಿ ಅವನಿಗೆ. ಆ ಡಬ್ಬಿ, ಆ ಬಟ್ಟೆ, ಆ ಅರಗು, ಅವನ ಮೂವತ್ತೇಳು ಕಾಸು ಎಲ್ಲಾ ತಗೊಂಡು ಅವನ ಊರಿನ ಅಂಚೆಯಲ್ಲೇ ತೂಕ ಹಾಕ್ಸು ಅನ್ನು. ನಮ್ಮ ರಸೀತಿ ತೂಕ ಬಂದ್ರೆ ಕಾಸೂ ಬ್ಯಾಡ, ಕಾಸಿನ ಬೆಲೇನೂ ಬ್ಯಾಡ ಅಂತ ಬರಿ. ಕಮ್ಮಿ ಬಂದ್ರೆ ಆ ಮೂರು ಕಾಸು ಅವನ ಹತ್ರಾನೇ ಅವೆ."

"ಬಂದುಬಿಟ್ರೆ?"

"ನನ್ನ ಹೊಲಿಗೆ ನಂಗೊತ್ತಿಲ್ವಾ?"

ಬರೆದೆ. ಮನೆಯಲ್ಲಿ ಯಾರಿಗೂ ಹೇಳದೆ, ಅಪ್ಪನ ಆನೆಗಳನ್ನೆಲ್ಲ ಆಕೆಯ ಹೊಲಿಗೆಯ ಮೇಲೆ ಪಣಕ್ಕಿಟ್ಟು ಬರೆದೆ. ಹದಿಮೂರು ದಿನಕ್ಕೆ ಉತ್ತರ ಬಂತು. ಜೊತೆಗೆ ಪೂರಾ ಹಣದ ಡ್ರಾಫ್ಟು. ವ್ಯಾಪಾರಿ ಬಹಳ ವಿನಯದಿಂದ ಬರೆದಿದ್ದ: ಆ ಮೂರು ನಾಣ್ಯಗಳು ಡಬ್ಬಿಯಲ್ಲಿ ತುಂಬಿದ್ದ ಹುಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು, ಈಗ ಕಣ್ಣಿಗೆ ಬಿದ್ದವು.

ಕನ್ನಡದಲ್ಲಿ ಓದಿ ಹೇಳಿದೆ. ಖಾಲಾ ಎರಡನೆಯ ಸಲ ಓದಿಸಿದಳು. ಆಮೇಲೆ ಬುಡ್ಡಿ ಆರುವಂತೆ ನಕ್ಕಳು.

"ಹುಲ್ಲಾ? ನಾನೆಲ್ಲಿ ಹುಲ್ಲು ಹಾಕಿದ್ದೆ ಬೇಟಿ! ಬೇಮಾನ್, ಸುಳ್ಳು ಹೇಳೋಕಾದ್ರೂ ಪಾರ್ಸೆಲ್ ಸರಿಯಾಗಿ ನೋಡ್ಕೋಬಾರ್ದಾ!"

ದೊಡ್ಡಪ್ಪ ಡ್ರಾಫ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಟ್ಟಿಗೆ ಗೂಡಿನವರ ಮಾತು ಮತ್ತೆ ಎತ್ತಲಿಲ್ಲ. ನಾನು ಕೋಲಾರಕ್ಕೆ ಹೋದೆ, ಕಲಿತೆ, ಶ್ರೀನಿವಾಸಪುರದ ಕಡೆಯ ಶಾಲೆಗೆ ಟೀಚರಾದೆ. ಅಪ್ಪನ ಆನೆಗಳು ಕೈಬಿಟ್ಟವೆಂಬ ನೋವು ಇತ್ತು, ಈಗಲೂ ಇದೆ. ಆದರೆ ಅವು ಕಳೆದುಹೋಗಲಿಲ್ಲ. ನಾನು ಹೇಳಿದ ಬೆಲೆಗೆ ಹೋದವು.

ಎಂಬತ್ತರ ದಶಕದ ನಡುವಿನಲ್ಲಿ ಖಾಲಾಳ ಕಣ್ಣು ಮಂಜಾಯಿತು. ರಜೆಗೆ ಊರಿಗೆ ಹೋದಾಗ ನೋಡಲು ಹೋಗಿದ್ದೆ. ಮಂಚದ ಮೇಲೆ ಕೂತಿದ್ದವಳು ದಿಂಬಿನಡಿಯಿಂದ ಹಿತ್ತಾಳೆಯ ಮೊಹರು ತೆಗೆದು ನನ್ನ ಕೈಗಿಟ್ಟಳು.

"ನನ್ನ ಮೊಮ್ಮಗಳು ಕರ್ನೂಲಲ್ಲವ್ಳೆ. ಓದ್ತಾವ್ಳೆ. ನಾನು ಹೋದ್ಮೇಲೆ ಅವಳಿಗೆ ಕಳಿಸು. ನಾನೇ ಕಳಿಸಾನ ಅಂದ್ರೆ ಇದನ್ನ ಒಳಗಿಟ್ಟು ಹೊಲಿದ್ಮೇಲೆ ಮೊಹರು ಯಾವ್ದು ಒತ್ಲಿ? ನಿನ್ ಅಳಿಲು ಒತ್ತು."

"ನನ್ನ ಮೊಹರು ಬಿದ್ರೆ ನನ್ನ ಸಾಮಾನು ಆಗತ್ತಲ್ಲ ಖಾಲಾ. ನೀನೇ ಹೇಳಿದ್ದೆ."

"ಆಗ್ಲಿ. ಜವಾಬು ನೀನೇ ಕೊಡು."

ಮುಂದಿನ ಬೇಸಿಗೆಗೆ ಆಕೆ ಹೋದಳು. ಸುದ್ದಿ ತಡವಾಗಿ ತಲುಪಿತು. ನಾನು ಮಾಲೂರಿನಲ್ಲಿ ರೈಲಿಳಿದು ಬರುವ ಹೊತ್ತಿಗೆ ಮಣ್ಣು ಮಾಡಿ ಎರಡು ದಿನವಾಗಿತ್ತು. ಬೇವಿನ ಮರದ ಬುಡದಲ್ಲಿ ಅರಗಿನ ಕೆಂಪು ತೊಟ್ಟುಗಳು ನೆಲಕ್ಕೆ ಅಂಟಿಕೊಂಡೇ ಇದ್ದವು. ಅಲ್ಲಿ ಕೂತು ಅತ್ತೆ. ಕಳೆದರೆ ಅಳುತ್ತೀಯಾ ಎಂದು ಊರನ್ನೆಲ್ಲ ಕೇಳಿದವಳು ಈ ಒಂದು ಸಲ ನನ್ನನ್ನು ಕೇಳಲೇ ಇಲ್ಲ.

ಮಾರನೆಯ ದಿನ ಅದೇ ಜಾಗದಲ್ಲಿ ಗೋಣಿತಟ್ಟು ಹಾಸಿ ಕೂತೆ. ಟೀಚರಮ್ಮ ಬೀದಿಯಲ್ಲಿ ಕೂತಳೆಂದು ನೋಡುವವರು ನೋಡಿದರು. ಸೀರೆಯ ತುಂಡಿನಲ್ಲಿ ಜೇಬು ಹೊಲಿದು ಖಾಲಾಳ ಮೊಹರಿಟ್ಟೆ, ಡಬ್ಬಿಗೆ ಹಾಕಿ ಕಿವಿಗೆ ಹಿಡಿದು ಅಲ್ಲಾಡಿಸಿದೆ, ಬಟ್ಟೆ ಸುತ್ತಿ ಹೊಲಿದೆ. ಅರಗು ಬಿಡುವಾಗ ಹೆಬ್ಬೆರಳು ಸುಟ್ಟಿತು. ಹನ್ನೆರಡು ಅಳಿಲು ಒತ್ತಿ ಒಳಗೆ ಹೋದೆ. ಬೆಲೆಯ ಜಾಗದಲ್ಲಿ ಅಂದು ಅಪ್ಪನ ನಲವತ್ತು ನಾಣ್ಯಕ್ಕೆ ಬರೆದಿದ್ದ ಮೊತ್ತವನ್ನೇ ಬರೆದಿದ್ದೆ. ಕೌಂಟರಿನಲ್ಲಿದ್ದ ಹೊಸ ಹುಡುಗ ಫಾರಂ ಓದಿ ತಲೆಯೆತ್ತಿದ.

"ಮೇಡಂ, ಹಿತ್ತಾಳೆ ಮೊಹರು ಅಂತ ಬರೆದಿದೀರಿ. ಅದಕ್ಕೆ ಇಷ್ಟಾ?"

"ಬೆಲೆ ಹೇಳೋಳು ನಾನು" ಅಂದೆ. "ನೀವು ತೂಕ ಹೇಳಿ."