ಮುಂದಿನ ಸೀಟಿನ ಮರ್ಯಾದೆ

"ಅಳಿಯಂದ್ರನ್ನ ಹಿಂದ ಕೂಡಿಸಿ ನಾ ಮುಂದ ಕೂಡ್ಲೇನು? ಮಂದಿ ಏನಂದಾರು?"

ಕಳೆದ ವಾರ ಕೇಶ್ವಾಪುರದ ನಮ್ಮ ಮನೆಯೆದುರು, ಕಾರಿನ ಬಾಗಿಲು ಹಿಡಿದುಕೊಂಡು ನಮ್ಮತ್ತೆ ತೆಗೆದ ತಕರಾರು ಇದು. (ಮಂದಿ ಎಂದರೆ ಆಗ ಅಲ್ಲಿದ್ದದ್ದು ಹಾಲಿನವನೊಬ್ಬನೇ.)

ಹೊರಟಿದ್ದು ಅಂಕೋಲೆಗೆ. ಅಲ್ಲಿ ಅತ್ತೆಯ ಸೊಸೆಯ ತವರಿನಲ್ಲಿ, ಅವರ ಮಗನ ಮಗಳನ್ನು ತೊಟ್ಟಿಲಿಗೆ ಹಾಕುವ ಸಮಾರಂಭ. ಆದರೆ ತಮ್ಮೂರು ಅಮ್ಮಿನಬಾವಿಯಿಂದ ಹುಬ್ಬಳ್ಳಿಯ ನಮ್ಮ ಮನೆಗೆ ಬರುವಷ್ಟರಲ್ಲೇ ವಾಂತಿ ಮಾಡಿಕೊಳ್ಳುವ ಅತ್ತೆ, ಅರಬೈಲು ಘಟ್ಟ ಇಳಿಯುವುದುಂಟೇ? "ಕೂಸಿನ್ನ ವಿಡಿಯೋದಾಗ ನೋಡ್ತೇನಿ, ನೀವ ಹೋಗಿ ಬರ್ರಿ" ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು.

ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆವು. ಅತ್ತೆಯ ಬೀಪಿ ಮಾತ್ರೆಗಳ ಹೆಸರು ಕೇಳಿಕೊಂಡು, ಹೊರಡುವ ಮುಂಚೆ ನುಂಗಲು ಒಂದು ಮಾತ್ರೆ ಹೇಳಿದರು. ಮುಂದಿನ ಸೀಟು ಕೊಡಿ. ಕಣ್ಣು ದೂರದ ರಸ್ತೆಯ ಮೇಲಿರಲಿ. ಉಪವಾಸ ಬೇಡ, ಒಂದಿಷ್ಟು ಒಣ ಚುರಮುರಿ ತಿನ್ನಲಿ. ಆಕಳಿಕೆ, ಬಾಯಲ್ಲಿ ನೀರು, ತಣ್ಣನೆ ಬೆವರು ಶುರುವಾದರೆ ಆಗಲೇ ಗಾಡಿ ನಿಲ್ಲಿಸಿ, ವಾಂತಿಗೆ ಕಾಯಬೇಡಿ.

(ಅತ್ತೆ ಗಾಡಿಯಲ್ಲಿ ಆಕಳಿಸಿದಾಗಲೆಲ್ಲ ನಿದ್ದೆ ಬಂತೆಂದು ಕಿಟಕಿ ಏರಿಸಿದ ಜಾಣರು ನಾವು!)

ಆದರೆ ಮುಂದಿನ ಸೀಟು ಅಳಿಯನದು. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ನಾನೋ ಯೂನಿವರ್ಸಿಟಿಯಲ್ಲಿ ಓದಿದವನು, ಎಲ್ಲವನ್ನೂ ಪ್ರಶ್ನಿಸುವವನು.

"ಕೂಡ್ರಿ ಅತ್ತಿ. ನನಗ ಗಾಡಿ ಎಂದೂ ತ್ರಾಸ ಕೊಟ್ಟಿಲ್ಲ."

ಅತ್ತೆ ನನ್ನನ್ನು ಒಂಥರಾ ನೋಡಿ, ಹತ್ತಿ ಕೂತರು. ಸ್ಟೀರಿಂಗ್ ಹೆಂಡತಿ ಸುಜಾತಾಳ ಕೈಯಲ್ಲಿ. (ದಾರಿಯ ವಿಷಯದಲ್ಲಿ ನನ್ನ ನೆನಪಿನ ಮೇಲೆ ಅವಳಿಗೆ ಭರವಸೆಯಿಲ್ಲ.)

ಹಿಂದೆ ಕೂತು ಫೋನಿನಲ್ಲಿ ಏನೋ ಓದುತ್ತಿದ್ದೆ. ಯಲ್ಲಾಪುರ ದಾಟಿತು, ಘಟ್ಟದ ತಿರುವುಗಳು ಬಂದವು. ಒಂದು ಆಕಳಿಕೆ. ಇನ್ನೊಂದು. ಕಾರಣವಿಲ್ಲದೆ ಎಲ್ಲರ ಮೇಲೂ ಸಿಟ್ಟು. ಅಂಗೈ ತಣ್ಣಗಾಯಿತು. ನಿದ್ದೆ ಇರಬೇಕೆಂದುಕೊಂಡೆ!

"ಸುಜಾತಾ, ಗಾಡಿ ನಿಂದರ್ಸು. ಅವರನ್ನ ಲಗೂನ ಇಳಸು."

ಹೇಳಿದ್ದು ಅತ್ತೆ. ದೂರದ ರಸ್ತೆ ನೋಡಬೇಕಾದವರು ನಡುನಡುವೆ ತಿರುಗಿ ನನ್ನನ್ನು ನೋಡುತ್ತಿದ್ದರಂತೆ. ರಸ್ತೆ ಬದಿಯಲ್ಲಿ ನಾನು ಬಗ್ಗಿದೆ. ಅತ್ತೆ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತರು, ಗಟ್ಟಿಮುಟ್ಟಾಗಿ.

"ಮದುವಿ ಆದ ಹೊಸದಾಗ ದಾಂಡೇಲಿಗೆ ಹೋದಾಗೂ ಹಿಂಗ ಆಗಿತ್ತಲ್ರಿ."

"ಅವತ್ತ ಮೊಸರನ್ನ ಹಳಸಿತ್ತು ಅತ್ತಿ."

"ಕಲಸಿದಾಕಿ ನಾನು. ಉಂಡವರು ಎಲ್ಲಾರೂ. ಹಿಂದ ಕೂತವರು ನೀವೊಬ್ಬರ!"

ಸುಜಾತಾ ನಕ್ಕಳು. "ಅವತ್ತಿಂದನ ಅವ್ವ ನಿಮ್ಮನ್ನ ಮುಂದ ಕೂಡಸಾಕತ್ತಾಳ. ಖರೇನ ಗೊತ್ತಿದ್ದಿಲ್ಲೇನು?"

ಆ ಮೊಸರನ್ನದ ಹುಳಿ ವಾಸನೆ ನನಗೆ ಈಗಲೂ ನೆನಪಿದೆ. ಅದು ಅನ್ನದ್ದೇ ವಾಸನೆಯೋ, ಮಾನ ಉಳಿಸಿಕೊಳ್ಳಲು ಆಮೇಲೆ ನಾನೇ ಬೆರೆಸಿಕೊಂಡದ್ದೋ? ಆಣೆ ಮಾಡಿ ಹೇಳಲಾರೆ.

ಅಂಕೋಲೆ ಮುಟ್ಟಿದೆವು. ಸೋದರತ್ತೆಯಾಗಿ ಸುಜಾತಾ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಅತ್ತೆ ಕಣ್ಣೊರೆಸಿಕೊಳ್ಳುತ್ತ ತೊಟ್ಟಿಲು ತೂಗಿದರು. (ತೂಗುವ ತೊಟ್ಟಿಲನ್ನು ನಾನು ಹೆಚ್ಚು ಹೊತ್ತು ನೋಡಲಿಲ್ಲ.)

ವಾಪಸ್ ಬರುವಾಗ ಸ್ಟೀರಿಂಗ್ ನನಗೆ ಕೊಟ್ಟರು. ಗಾಡಿ ನಡೆಸುವವನಿಗೆ ಈ ತ್ರಾಸು ಕಡಿಮೆ. ತಿರುವು ಯಾವ ಕಡೆಗೆಂದು ಮೈಗೆ ಮೊದಲೇ ಗೊತ್ತಿರುತ್ತದಲ್ಲ! ಪಕ್ಕದಲ್ಲಿ ಅತ್ತೆ, ಕಿಟಕಿಯ ಗಾಳಿಗೆ ಮುಖವೊಡ್ಡಿ ಆರಾಮಾಗಿ ಕೂತಿದ್ದರು.

ಇಷ್ಟು ವರ್ಷ ಆ ಸೀಟಿನಲ್ಲಿ ಬೀಗುತ್ತ ಕೂತಿದ್ದವನು ಅಳಿಯನೋ, ಪೇಷಂಟೋ?