ಅತ್ತೆಯ ತಾಳ, ಸ್ಟುಡಿಯೋದ ಟಕ್ ಟಕ್

ನಮ್ಮ ಅತ್ತೆ ಒಂದು ಜಾಝ್ ಆಲ್ಬಮ್ಮಿನಲ್ಲಿ ತಾಳ ಹಾಕಿದ್ದಾರೆ. ಈ ವಾಕ್ಯ ನಿಜ. ಮುಂದಿನವುಗಳ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಈ ಸಂಗತಿಯನ್ನು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದು ಎಷ್ಟು, ಕೇಳಿದವರು ನಕ್ಕರೆಂದು ನಾನು ಉಳಿಸಿಕೊಂಡದ್ದು ಎಷ್ಟು ಎಂದು ಈಗ ಬೇರ್ಪಡಿಸುವುದು ಕಷ್ಟ.

ಅತ್ತೆ, ಅಂದರೆ ನನ್ನ ಗಂಡನ ತಾಯಿ, ಉಡುಪಿ ಕಡೆಯವರು. ಇಲ್ಲಿಗೆ ಬಂದ ಕೆಲವೇ ವರ್ಷಗಳಲ್ಲಿ ಹೆಂಗಸರ ಭಜನಾ ಮಂಡಳಿ ಕಟ್ಟಿದರು. ಶನಿವಾರ ಸಂಜೆ ನಮ್ಮ ಹಾಲಿನ ಸೋಫಾ ಗೋಡೆಗೆ ಸರಿಯುತ್ತದೆ, ಚಾಪೆ ಬೀಳುತ್ತದೆ. ಹಾಡುವವರು ಬದಲಾಗಬಹುದು, ತಾಳ ಮಾತ್ರ ಅತ್ತೆಯ ಕೈಯಲ್ಲೇ. ಅವರ ತಾಳ ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಸ್ಲೋ ಲೋಕಲ್‌ನಂತೆ ಹೊರಡುತ್ತದೆ, ಎರಡನೇ ಚರಣಕ್ಕೆ ಫಾಸ್ಟ್ ಆಗುತ್ತದೆ, ಕೊನೆಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಹತ್ತಿದವರು ಹತ್ತಿದರು, ಉಳಿದವರು ಪ್ಲಾಟ್‌ಫಾರ್ಮಿನಲ್ಲಿ.

ಮಂಡಳಿಯ ಕಾರ್ಯದರ್ಶಿ ಧಾರವಾಡದವರು, ಗಣಿತದ ಟೀಚರಾಗಿ ನಿವೃತ್ತರಾದವರು. ಅವರಿಗೆ ಈ ಓಟ ಸಹಿಸಲಾಗುತ್ತಿರಲಿಲ್ಲ.

"ಅಕ್ಕಾರ, ದೇವರಿಗರ ಉಸಿರು ತಗೊಳ್ಳಾಕ ಬಿಡ್ರಿ."

"ದೇವರು ಸುಮ್ಮನೆ ಕೂತಿದ್ದಾರೆ. ಉಸಿರು ಸಣ್ಣದಾದದ್ದು ನಿಮ್ಮದು."

ಏಕಾದಶಿಯ ದಿನವಿಡೀ ಭಜನೆ ಹತ್ತಿರ ಬರುತ್ತಿತ್ತು. ಈ ಸಲ ತಾಳ ಬೇರೆಯವರಿಗೆ ಕೊಡೋಣ ಎಂದು ಕಾರ್ಯದರ್ಶಿಗಳು ಮೀಟಿಂಗಿನಲ್ಲೇ ಹೇಳಿಬಿಟ್ಟರು. ಅತ್ತೆ ತಾಳದ ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಮೂರನೇ ಮಹಡಿಯ ಹುಡುಗಿ ಇದರೊಳಗೆ ಬಂದದ್ದು ಆಗ. ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಮುಂಬಯಿಯ ಒಂದು ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವಳು ಸಹಾಯಕ ಇಂಜಿನಿಯರ್. ತನ್ನ ಶನಿವಾರಗಳು ಹೇಗೆ ಹಾಳಾಗುತ್ತಿವೆ ಎಂದು ಸಹೋದ್ಯೋಗಿಗಳಿಗೆ ತೋರಿಸಲು ನಮ್ಮ ಭಜನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದಳಂತೆ. ಅಲ್ಲಿ ಜಾಝ್ ಆಲ್ಬಮ್ ಮಾಡುತ್ತಿದ್ದ ಒಬ್ಬ ಪಿಯಾನೋ ವಾದಕ ಆ ದೂರನ್ನು ಕೇಳಿ, ಈ ಚಪ್ಪಾಳೆ, ಈ ತಾಳ ನನಗೆ ಬೇಕು ಅಂದ.

ಮಂಡಳಿಗೆ ಮಂಡಳಿಯೇ ಎದ್ದು ಕೂತಿತು. ಕಾರ್ಯದರ್ಶಿಗಳು ಮಾತ್ರ ಲೆಕ್ಕ ಬಿಡಲಿಲ್ಲ.

"ಅಲ್ಲಿ ಲಯಾ ಅಳೆಯೋ ಮಿಷನ್ ಇರ್ತದಂತ. ಅದು ಸರಿ ಅಂದ್ರ ಏಕಾದಶಿಗೂ ತಾಳ ನಿಮ್ಮ ಕೈಯಾಗ ಇರ್ಲಿ. ಇಲ್ಲಾಂದ್ರ ಬ್ಯಾಡ."

"ಆಗ್ಲಿ" ಎಂದರು ಅತ್ತೆ, ಪರೀಕ್ಷೆ ಮಿಷನ್ನಿಗೆ ಎಂಬಂತೆ.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಜನ ಹೊರಟೆವು. ಹೀಗೆ ಹೇಳಿಕೊಂಡು ಬಂದಿದ್ದೇನೆ, ಆದರೆ ಫೋಟೋದಲ್ಲಿ ಎಣಿಸಿದರೆ ಏಳೇ ಜನ. ಉಳಿದ ನಾಲ್ವರು ನನ್ನ ಕಥೆಯಲ್ಲಿ ದಾದರ್‌ವರೆಗೆ ಬರುತ್ತಾರೆ, ಅಲ್ಲಿ ಗಾಡಿ ಬದಲಿಸುವಾಗ ಮಾಯವಾಗುತ್ತಾರೆ.

ಸ್ಟುಡಿಯೋದ ಗೋಡೆಯ ತುಂಬ ಆಲ್ಬಮ್ಮುಗಳ ಕವರುಗಳು. ಸ್ಯಾಕ್ಸೊಫೋನ್ ಹಿಡಿದವರು, ಮಿನುಗುವ ಜಾಕೆಟ್ಟಿನ ಪಾಪ್ ಗಾಯಕಿಯರು, ಕಪ್ಪು ಕನ್ನಡಕದವರು. ಅತ್ತೆ ಒಂದೊಂದನ್ನೂ ನೋಡಿ, "ಯಾರೂ ನಗುವುದಿಲ್ಲ ಎಂತಕ್ಕೆ? ಊಟ ಆಗ್ಲಿಲ್ವಾ ಇವರಿಗೆ?" ಎಂದು ಕೇಳಿದರು. ಒಳಗೆ ಕುರ್ಚಿ ಹಾಕಿದ್ದರು. ಕುರ್ಚಿಯ ಮೇಲೆ ಕೂತು ಭಜನೆ ಮಾಡುವುದುಂಟೇ ಎಂದು ಎಲ್ಲರೂ ಚಪ್ಪಲಿ ಬಿಟ್ಟು ಕಾರ್ಪೆಟ್ಟಿನ ಮೇಲೆ ಕೂತರು. ಮೈಕುಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸಿದರು.

ಕೆಂಪು ದೀಪ ಹತ್ತಿತು. ಹೆಡ್‌ಫೋನಿನಲ್ಲಿ ಮೊದಲೇ ರೆಕಾರ್ಡ್ ಆಗಿದ್ದ ಪಿಯಾನೋ, ಅದರ ಜೊತೆ ಲಯ ತೋರಿಸಲು ಟಕ್ ಟಕ್ ಎಂಬ ಸದ್ದು. ಚಪ್ಪಾಳೆ ಶುರುವಾಗಬೇಕಾದ ಜಾಗ ಬಂತು. ನಮ್ಮವರು ಗಣಪತಿ ಸ್ತುತಿ ಶುರು ಮಾಡಿದರು.

ಹಾಡು ಬೇಡ, ಬರೀ ಚಪ್ಪಾಳೆ ಎಂದು ಹುಡುಗಿ ಗಾಜಿನ ಆಚೆಯಿಂದ ಓಡಿ ಬಂದಳು. "ಅಜ್ಜಿ, ಸಿರ್ಫ್ ತಾಲಿ. ಗಾನಾ ನಹೀಂ."

"ಗಣಪತಿಯನ್ನು ಬಿಟ್ಟು ಹೇಗೆ ಶುರು ಮಾಡುವುದು ಮಾರಾಯ್ತಿ? ನೀನು ಹುಟ್ಟಿದ್ದೇ ನಮ್ಮ ಬಿಲ್ಡಿಂಗಿನಲ್ಲಿ ಅಲ್ವಾ?"

ಸರಿ, ಗಣಪತಿ ಮುಗಿಯಿತು. ತಾಳ ಶುರುವಾಯಿತು. ಯಾರೋ ಕೆಮ್ಮಿದರು. ಮತ್ತೆ ಮೊದಲಿನಿಂದ ಎಂದಳು ಹುಡುಗಿ. ಮೊದಲಿನಿಂದ ಎಂದರೆ ನಮ್ಮವರಿಗೆ ಗಣಪತಿಯಿಂದ. ಆ ದಿನ ಗಣಪತಿ ಒಂಬತ್ತು ಸಲ ಬಂದ. ಈ ಒಂಬತ್ತನ್ನು ನಾನು ಉಬ್ಬಿಸಿಲ್ಲ. ಕಾರ್ಯದರ್ಶಿಗಳು ಬೆರಳು ಮಡಿಚಿ ಎಣಿಸುತ್ತಿದ್ದರು.

ಅತ್ತೆ ಹೆಡ್‌ಫೋನಿನ ಒಂದು ಕಿವಿ ಎತ್ತಿ ನನ್ನನ್ನು ಕರೆದರು. "ಈ ಟಕ್ ಟಕ್ ಹಿಂದೆ ಬೀಳ್ತಾ ಉಂಟು. ಅದಕ್ಕೆ ಸ್ವಲ್ಪ ಬೇಗ ಬರ್ಲಿಕ್ಕೆ ಹೇಳು."

ಕೊನೆಗೆ ಪಿಯಾನೋದವನೇ ಎದ್ದು ಬಂದ. ಅವೆಲ್ಲ ತೆಗೆದಿಡಿ, ನೀವು ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ಪಿಯಾನೋದ ಎದುರು ಕೂತ. ಒಂದು ಸಲ ಎಲ್ಲರೂ ಒಟ್ಟಿಗೆ ನುಡಿಸಿದರು. ಅದು ಹೇಗಿತ್ತು ಎಂದು ಹೇಳಲು ಹೊರಟರೆ ಸುಳ್ಳು ಸೇರುತ್ತದೆ. ಮುಗಿದ ಮೇಲೆ ಅವನು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡದ್ದು ಮಾತ್ರ ಕಂಡಿದ್ದೇನೆ.

ಎಲ್ಲರೂ ಅವಲಕ್ಕಿ ಡಬ್ಬಿ ಬಿಚ್ಚುತ್ತಿದ್ದಾಗ ನಾನು ಗಾಜಿನ ಆಚೆ ಹೋದೆ. ಟಕ್ ಟಕ್ ಜೊತೆ ಹಾಕಿದ್ದನ್ನು ಹುಡುಗಿ ಪರದೆಯ ಮೇಲೆ ತೋರಿಸಿದಳು. ಉದ್ದಕ್ಕೂ ಟಕ್ ಟಕ್‌ನ ಸಮ ಅಂತರದ ಗೆರೆಗಳು. ಅತ್ತೆಯ ಏಟುಗಳು ಮೊದಮೊದಲು ಗೆರೆಯ ಮೇಲೆ, ಆಮೇಲೆ ಗೆರೆಗಿಂತ ಮುಂಚೆ, ಕೊನೆಗೆ ಅದರ ಹಿಂದಿನ ಗೆರೆಯ ಹತ್ತಿರ. ಗಣಿತದ ಟೀಚರಿಗೆ ಇಷ್ಟೇ ಸಾಕಿತ್ತು.

"ಇದನ್ನ ಸರಿ ಮಾಡ್ಲಿಕ್ಕೆ ಆಗ್ತದಾ?" ಕೇಳಿದೆ.

"ಹೋ ಜಾಯೇಗಾ. ಏಕ್ ಬಟನ್ ಹೈ."

"ಮಾಡು. ಯಾರಿಗೂ ಹೇಳ್ಬೇಡ."

ಅತ್ತೆಯ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ತಾಳ ಕಳೆದುಕೊಂಡ ಅತ್ತೆ ವಾರದ ಏಳೂ ದಿನ ಅಡುಗೆಮನೆಯಲ್ಲೇ ಇರುತ್ತಾರೆ ಎಂಬ ಭಯವೂ ಇತ್ತು. ಪ್ರಮಾಣ ಎಷ್ಟೆಷ್ಟು ಎಂದು ಕೇಳಬೇಡಿ.

ಏಕಾದಶಿಯ ಮುಂಚಿನ ಶನಿವಾರ ಹುಡುಗಿ ಹಾಡು ತಂದಳು. ಚಾಪೆ ತುಂಬ ಜನ. ಸ್ಪೀಕರಿನಿಂದ ಪಿಯಾನೋ ಬಂತು, ನಂತರ ತಾಳ. ಒಂದೊಂದು ಏಟೂ ಗಡಿಯಾರದ ಮುಳ್ಳಿನಂತೆ. ಕಾರ್ಯದರ್ಶಿಗಳು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸಿದರು. ಮುಗಿದ ಮೇಲೆ ನಿಧಾನವಾಗಿ ಹೇಳಿದರು:

"ಒಂದೂ ತಪ್ಪಿಲ್ರೀ ಅಕ್ಕಾರ. ನಂದ ತಪ್ಪಾತು."

ಅತ್ತೆ ಗೆದ್ದಿದ್ದರು. ಸುಮ್ಮನೆ ಇದ್ದಿದ್ದರೆ ಸಾಕಿತ್ತು.

"ಇದು ನಾನಲ್ಲ" ಎಂದರು.

"ಅಂದ್ರ?"

"ತಾಳ ನನ್ನದೇ, ಸದ್ದು ಗೊತ್ತಾಗ್ತದೆ. ಹಾಕಿದವಳು ಬೇರೆ ಯಾರೋ. ಇವಳಿಗೆ ಮನೆಗೆ ಹೋಗುವ ಮನಸ್ಸೇ ಇಲ್ಲ. ಇನ್ನೊಮ್ಮೆ ಹಾಕು."

ಎರಡನೇ ಸಲ ಅವರು ತಾಳ ಎತ್ತಿಕೊಂಡು ಸ್ಪೀಕರಿನ ಜೊತೆ ತಾವೂ ಹಾಕಿದರು. ಅರ್ಧದಲ್ಲೇ ಅದನ್ನು ಹಿಂದೆ ಹಾಕಿದರು. ಅಭ್ಯಾಸಬಲದಿಂದ ಮಂಡಳಿಯ ಚಪ್ಪಾಳೆ ಅವರನ್ನೇ ಹಿಂಬಾಲಿಸಿತು. ನಮ್ಮವರು ಮುಗಿಸಿ ಗೋವಿಂದ ಎಂದು ಕೈಮುಗಿದಾಗ ಸ್ಪೀಕರಿನಲ್ಲಿ ಇನ್ನೂ ಒಂದು ಚರಣದಷ್ಟು ಹಾಡು ಬಾಕಿ ಇತ್ತು. ಎಲ್ಲರೂ ಅದು ಬಂದು ಸೇರುವವರೆಗೆ ಕಾದರು.

"ಇದನ್ನ ಯಾರು ಸರಿ ಮಾಡಿದ್ದು?" ಅತ್ತೆ ಹುಡುಗಿಯನ್ನು ಕೇಳಿದರು.

ಹುಡುಗಿ ನನ್ನನ್ನು ನೋಡಿದಳು. ಇದನ್ನು ಮೊದಲ ಸಲ ಬರೆದಾಗ, ನಾನು ಎಲ್ಲರೆದುರು ಒಪ್ಪಿಕೊಂಡೆ ಎಂದು ಬರೆದಿದ್ದೆ. ಚೆನ್ನಾಗಿಯೂ ಇತ್ತು. ನಿಜಕ್ಕೂ ನಾನು ಹಾಲು ಇಟ್ಟಿದ್ದೇನೆ ಎಂದು ಅಡುಗೆಮನೆಗೆ ಹೋದೆ. ಹಾಲು ಇಟ್ಟಿರಲಿಲ್ಲ. ಮುಂದಿನದನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡದ್ದು.

"ಅವನ ಜೊತೆ ಒಟ್ಟಿಗೆ ಹಾಕಿದ್ದು ಒಂದಿತ್ತಲ್ಲ? ಅದು ಉಂಟಾ?"

ಆಲ್ಬಮ್ಮಿನಲ್ಲಿ ಅದಿರಲಿಲ್ಲ, ಹುಡುಗಿಯ ಮೊಬೈಲಿನಲ್ಲಿತ್ತು. ಹಾಕಿದಳು. ತಾಳ ಮುಂದೆ, ಪಿಯಾನೋ ಹಿಂದೆ. ಎರಡನೇ ಚರಣಕ್ಕೆ ಪಿಯಾನೋದವನ ಬೆರಳುಗಳು ಒಂದರ ಮೇಲೊಂದು ಬೀಳುವ ಸದ್ದು.

"ಅಯ್ಯ ಇವನ" ಎಂದರು ಕಾರ್ಯದರ್ಶಿಗಳು. "ಗಾಡಿ ತಪ್ಪಿದವರಗತೆ ಓಡಿ ಬರಾಕತ್ತಾನಲ್ರೀ."

"ಬರ್ತಾನೆ. ಕೇಳಿ. ಹಾಂ, ಹತ್ತಿದ."

ಎಲ್ಲರೂ ನಕ್ಕರು. ಆಮೇಲೆ ಚಾಪೆಯ ಮೇಲೆ ಲೋಹ ಜಾರಿದ ಸದ್ದು. ಅತ್ತೆ ತಾಳವನ್ನು ಕಾರ್ಯದರ್ಶಿಗಳ ಕಡೆ ಸರಿಸಿದ್ದರು.

"ಮಾತು ಮಾತೇ. ಮಿಷನ್ ಎದುರು ನಾನು ಸರಿ ಇಲ್ಲ. ತಗೊಳ್ಳಿ."

ಕಾರ್ಯದರ್ಶಿಗಳು ತೆಗೆದುಕೊಂಡರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ತಾಳ ಬೇರೊಬ್ಬರ ಕೈಯಲ್ಲಿ ಮೊಳಗಿತು, ಅಳೆದು ಇಟ್ಟಂತೆ. ಮೊದಲ ಚರಣ ಆಯಿತು. ಎರಡನೆಯದೂ ಅದೇ ನಡಿಗೆಯಲ್ಲಿ ಆಯಿತು. ಮೂರನೆಯದರಲ್ಲಿ ಯಾರೋ ಆಕಳಿಸಿದರು, ಇನ್ಯಾರೋ ಕುಕ್ಕರ್ ಇಡಬೇಕು ಎಂದರು. ಹಾಡು ಇನ್ನೂ ಮೂರು ಚರಣ ಇತ್ತು. ತಾಳ ತಾನಾಗಿಯೇ ನಿಂತಿತು.

"ತಗೋರಿ ಅಕ್ಕಾರ" ಎಂಬ ದನಿ ಕೇಳಿಸಿತು. "ಹಿಂಗ ಹಾಡಿದ್ರ ನಮ್ಮ ಏಕಾದಶಿ ದ್ವಾದಶಿ ಊಟಕ್ಕೂ ಮುಗಿಯೂದಿಲ್ಲ."

ಅತ್ತೆ ದಾರ ಸುತ್ತಿಕೊಳ್ಳುತ್ತಿದ್ದಿರಬೇಕು. ಆಮೇಲೆ ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ ಹೇಳಿದರು:

"ಹಾಲು ಉಕ್ಕಿದ್ದು ಸಾಕು. ಸರಿ ಮಾಡಿಸಿದವಳು ಬಂದು ಚಾಪೆಯಲ್ಲಿ ಕೂರ್ಲಿ. ಚಪ್ಪಾಳೆಗೆ ಜನ ಕಡಿಮೆ ಉಂಟು."

ಹೋಗಿ ಕೂತೆ. ಗಣಪತಿಯಿಂದ ಶುರುವಾಯಿತು. ಎರಡನೇ ಚರಣದಲ್ಲಿ ನಾನು ಹಿಂದೆ ಬಿದ್ದೆ.